ಮಗನ ಕೈಗೆ ದುಡ್ಡು ಕೊಟ್ಟರೆ ಎರಡೇ ದಿನಕ್ಕೆ ಖಾಲಿ. ಉಳಿಸುವುದು ಕಲಿಸುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಹದಿನಾಲ್ಕು ವರ್ಷದ ಮಗ, ಕೊಟ್ಟರೆ ಎರಡು ದಿನದಲ್ಲಿ ಬೇಕರಿಗೆ ಸುರಿದು ಬರುತ್ತಾನೆ, ಕೊಡದಿದ್ದರೆ ಕಲಿಯುವುದು ಯಾವಾಗ ಅಂತ ಕೇಳಿದ್ದೀರಿ. ನಮ್ಮನೆಯಲ್ಲೂ ಅದೇ ವಯಸ್ಸಿನವನೊಬ್ಬ ಇದ್ದಾನೆ. ಅವನ ಅಕ್ಕನಿಗೆ ಹದಿನಾರು.

ನಾವು ಶಿಡ್ಲಘಟ್ಟದ ಹತ್ತಿರದ ಹಳ್ಳಿಯವರು, ರೇಷ್ಮೆ ಹುಳ ಸಾಕುತ್ತೇವೆ. ತಿಂಗಳಿಗೆ ಇಷ್ಟು ಅಂತ ಪಾಕೆಟ್ ಮನಿ ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ಸಂಬಳದ ಮನೆಗೆ ಸರಿ. ನಮಗೆ ಒಂದನೇ ತಾರೀಕು ಅನ್ನುವುದೇ ಇಲ್ಲ. ಚಾಕಿ ಹುಳ, ಅಂದ್ರೆ ಮರಿ ಹುಳ, ತಂದರೆ ಗೂಡು ಬಿಡಿಸುವುದಕ್ಕೆ ಮೂರು ವಾರದ ಮೇಲಾಗುತ್ತದೆ. ಆಮೇಲೆ ಹುಳದ ಮನೆ ತೊಳೆದು, ಬ್ಲೀಚಿಂಗ್ ಪುಡಿ ಹೊಡೆದು, ಹಿಪ್ಪುನೇರಳೆ ಮತ್ತೆ ಚಿಗುರುವ ತನಕ ಕಾಯಬೇಕು. ಹೆಚ್ಚು ಕಡಿಮೆ ಎರಡು ತಿಂಗಳಿಗೊಮ್ಮೆ ದುಡ್ಡಿನ ಮುಖ ನೋಡುತ್ತೇವೆ. ಹಾಗಾಗಿ ಮಕ್ಕಳಿಗೂ ಬೆಳೆಗೊಂದು ಸಲ ಕೊಡುತ್ತೇನೆ. ಮುಂದಿನ ಗೂಡು ಮಾರ್ಕೆಟ್ಟಿಗೆ ಹೋಗುವವರೆಗೆ ಅಷ್ಟೇ. ಮಧ್ಯೆ ಹತ್ತು ರೂಪಾಯಿಯೂ ಇಲ್ಲ.

ಮಗನಿಗೆ ಮೊದಲ ಸಲ 600 ರೂಪಾಯಿ ಕೊಟ್ಟೆ. ಪೆನ್ನು, ಬೇಕರಿ, ಕಟಿಂಗ್, ಗೆಳೆಯರ ಹುಟ್ಟುಹಬ್ಬ, ಎಲ್ಲ ಅದರಲ್ಲೇ ಅಂದೆ. ಊಟ, ಬಟ್ಟೆ, ಫೀಸು, ಬಸ್ ಪಾಸು ನಮ್ಮದು. ಹದಿನೈದು ದಿನಕ್ಕೆ ಮುಗಿಸಿದ. ಒಂದು ಕ್ರಿಕೆಟ್ ಬ್ಯಾಟಿನ ಹಿಡಿಕೆಗೆ ಗ್ರಿಪ್ಪು, ಉಳಿದದ್ದು ಎಗ್ ಪಫ್. ಕೂದಲು ಕಿವಿ ಮುಚ್ಚಿತು. ಸ್ಕೂಲಲ್ಲಿ ಬೈದು ಕಳಿಸಿದರು. ನಾನು ಕೊಡಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ಕೊನೆಗೆ ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾದ ದಿನ, ಅವನ್ನು ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟುವ ತಟ್ಟೆಗೆ, ಬಿಡುವ ಕೆಲಸಕ್ಕೆ ಕೂಲಿ ಕೇಳಿದ. ಹೊರಗಿನವರಿಗೆ ಕೊಡುವ ಲೆಕ್ಕದಲ್ಲೇ ಅರ್ಧ ದಿನದ್ದು ಕೊಟ್ಟೆ, ಸೀದಾ ಕಟಿಂಗ್ ಶಾಪಿಗೆ ಹೋದ. ಪಾತ್ರೆ ತೊಳೆದಿದ್ದಕ್ಕೆ, ಕಸ ಗುಡಿಸಿದ್ದಕ್ಕೆ ಮಾತ್ರ ದುಡ್ಡು ಕೊಡಬೇಡಿ. ಆಮೇಲೆ ನೀರು ತಂದುಕೊಡಲೂ ರೇಟು ಹೇಳುತ್ತಾರೆ.

ಈ ಕೆಲಸಕ್ಕೆ ದೊಡ್ಡ ಅಡ್ಡಿ ಅಂದ್ರೆ ತಾತ. ಕದ್ದುಮುಚ್ಚಿ ಐವತ್ತು ರೂಪಾಯಿ ತುರುಕಿದರೆ ನಿಮ್ಮ ಪಾಠವೆಲ್ಲ ನೀರಿಗೆ. ನಮ್ಮ ಮಾವನವರಿಗೆ ಹೇಳಿ ಒಪ್ಪಿಸಲು ಎರಡು ಬೆಳೆ ಹಿಡಿಯಿತು.

ಇನ್ನೊಂದು ಮಾತು ಹೇಳಬೇಕು, ಹೇಳಲು ನಾಚಿಕೆ. ಮಗಳು ಸಣ್ಣವಳಿದ್ದಾಗಿನಿಂದ ನೆಂಟರು ಹೊರಡುವಾಗ ಕೈಗಿಡುವ ದುಡ್ಡನ್ನೆಲ್ಲ ಬೋರ್ನ್‌ವಿಟಾ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಒಂದು ಚಳಿಗಾಲ ಹುಳಕ್ಕೆ ಸುಣ್ಣಕಟ್ಟು ರೋಗ ಬಂದು ಬೆಳೆ ಪೂರ್ತಿ ಹೋಯಿತು. ಮುಂದಿನ ಬೆಳೆಗೆ ಚಾಕಿ ತರಲು ದುಡ್ಡು ಸಾಲದೆ ಬಂತು. ಡಬ್ಬಿಯಲ್ಲಿದ್ದ 2,300 ತೆಗೆದುಕೊಂಡೆ. ಕೊಡ್ತೀನಿ ಅಂದೆ, ಮರೆತೆ. ಅವಳು ಕೇಳಲೂ ಇಲ್ಲ. ಆದರೆ ಆಮೇಲೆ ಒಂದು ವರ್ಷ ಬಂದ ದುಡ್ಡನ್ನೆಲ್ಲ ಅವತ್ತವತ್ತೇ ಖರ್ಚು ಮಾಡಿದಳು. ಯಾಕೆ ಅಂತ ಗದರಿದಾಗ, "ಇಟ್ಟರೆ ನೀನೇ ತಗೊತೀಯಲ್ಲಮ್ಮ" ಅಂದಳು. ನಿಮ್ಮ ಮಗ ಎರಡು ದಿನದಲ್ಲಿ ಖಾಲಿ ಮಾಡುವುದಕ್ಕೂ ಇಂಥದ್ದೇನಾದರೂ ಕಾರಣ ಇದೆಯಾ, ಒಂದು ಸಲ ನೆನಪು ಮಾಡಿಕೊಳ್ಳಿ.

ಅವಳ ದುಡ್ಡು ವಾಪಸ್ ಕೊಟ್ಟು ಪೋಸ್ಟಾಫೀಸಿಗೆ ಕರೆದುಕೊಂಡು ಹೋದೆ. ಹತ್ತು ವರ್ಷ ತುಂಬಿದವರು ಅಲ್ಲಿ ತಮ್ಮ ಹೆಸರಲ್ಲೇ ಖಾತೆ ತೆರೆಯಬಹುದು, 500 ರೂಪಾಯಿ ಇದ್ದರೆ ಸಾಕು. ಜೊತೆಗೆ ತಿಂಗಳಿಗೆ 100ರ ಆರ್‌ಡಿ, ಅಂದ್ರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಮಾಡಿಸಿದೆವು. ಐದು ವರ್ಷದ್ದು. ಆಗ ಅವಳಿಗೆ ಹದಿಮೂರು, ಹದಿನೆಂಟಕ್ಕೆ ಕೈಗೆ ಬರುತ್ತದೆ. ನಮ್ಮಂಥವರಿಗೆ ಅನುಕೂಲ ಏನಂದ್ರೆ ಬೆಳೆ ಬಂದಾಗ ಮುಂದಿನ ತಿಂಗಳುಗಳದ್ದೂ ಒಟ್ಟಿಗೆ ಕಟ್ಟಬಹುದು. ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಒಂದು ಸಲ ತಪ್ಪಿಸಿ ಆ ಒಂದು ರೂಪಾಯಿ ಕಟ್ಟಿದ್ದಕ್ಕೆ ಅವಳು ಪಟ್ಟ ಸಂಕಟ ನೋಡಬೇಕಿತ್ತು!

ಬ್ಯಾಂಕಾದರೂ ಆಗುತ್ತದೆ. ಹತ್ತು ದಾಟಿದ ಮಕ್ಕಳು ತಾವೇ ಖಾತೆ ತೆರೆದು ನಡೆಸಲು ಬಿಡಬಹುದು ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೊಸದಾಗಿ ಸೂಚನೆ ಕೊಟ್ಟಿದೆ. ಎಷ್ಟು ಮೊತ್ತದವರೆಗೆ, ಎಟಿಎಂ ಕಾರ್ಡ್ ಕೊಡಬೇಕೋ ಬೇಡವೋ ಅನ್ನುವುದು ಆಯಾ ಬ್ಯಾಂಕಿಗೆ ಬಿಟ್ಟಿದ್ದು. ಇರುವುದಕ್ಕಿಂತ ಜಾಸ್ತಿ ತೆಗೆಯಲು ಮಾತ್ರ ಬಿಡುವಂತಿಲ್ಲ.

ಫೋನ್‌ಪೇ ಸದ್ಯಕ್ಕೆ ಬೇಡ ಅನ್ನುತ್ತೇನೆ. ನನ್ನ ಫೋನಿನಿಂದ ಸ್ಕ್ಯಾನ್ ಮಾಡುತ್ತಿದ್ದಾಗ ಮಗನಿಗೆ ಎಷ್ಟು ಹೋಯಿತು ಅನ್ನುವ ಅಂದಾಜೇ ಇರಲಿಲ್ಲ. ನೋಟು ಮುರಿಸುವಾಗ ಕೈ ಹಿಂದೆಗೆಯುತ್ತದೆ. ಊರಲ್ಲಿ ಯಾರೋ ನಡೆಸುವ ಹಬ್ಬದ ಚೀಟಿಗೂ ಮಕ್ಕಳ ದುಡ್ಡು ಹಾಕಬೇಡಿ. ನಾನು ಹಾಕಿ ಕೈ ಸುಟ್ಟುಕೊಂಡಿದ್ದೇನೆ, ಅದು ಬೇರೆಯೇ ಕಥೆ.

ಖಾತೆ ತೆರೆಯಲು ಹೋದಾಗ ಆಧಾರ್, ಫೋಟೋ, ಹುಟ್ಟಿದ ದಿನಾಂಕದ ದಾಖಲೆ ಮಗನ ಕೈಯಲ್ಲೇ ಇರಲಿ. ನೀವು ಹಿಂದೆ ನಿಂತಿರಿ. ಫಾರಂ ಅವನೇ ತುಂಬಲಿ. ನಮ್ಮ ಹುಡುಗಿ ಎರಡು ಫಾರಂ ಕೆಡಿಸಿದಳು, ಕೌಂಟರಿನವರು ಗೊಣಗಿಕೊಂಡೇ ಮೂರನೆಯದು ಕೊಟ್ಟರು.