ಬೀಗವನ್ನು ಸುಮ್ನೆ ಮುಟ್ಟಿದರೂ ಡಿಎನ್‌ಎ ಸಿಗುತ್ತದಲ್ಲ, ಅದು ಎಲ್ಲಿಂದ ಬರುತ್ತದೆ?

ಬರೀ ಉದುರಿದ ಚರ್ಮದಿಂದಲ್ಲ. ಬೆವರು, ಎಂಜಲು, ಮುಖದ ಜಿಡ್ಡಿನಿಂದಲೂ ಬರುತ್ತದೆ.

ಅಂಗೈಯಿಂದ ಉದುರುವುದು ಸತ್ತ ಜೀವಕೋಶ. ಡಿಎನ್‌ಎ ಇರುವುದು ಮುಖ್ಯವಾಗಿ ಕೋಶದೊಳಗಿನ ನ್ಯೂಕ್ಲಿಯಸ್‌ನಲ್ಲಿ. ಮೇಲಿನ ಚರ್ಮ ಗಟ್ಟಿಯಾಗುವಾಗ ಅದು ಬಹುತೇಕ ಕರಗಿಹೋಗಿರುತ್ತದೆ, ಚೂರುಪಾರು ಉಳಿದರೆ ಉಂಟು. ಆದರೆ ಕೈ ಸುಮ್ಮನಿರುವುದಿಲ್ಲ ಅಲ್ವಾ? ಕೊಡಗಿನ ಬಿಸಿಲಿಗೆ ಕಣದಲ್ಲಿ ಕಾಫಿ ಹರಡುತ್ತೀರಿ. ಹಣೆಯ ಬೆವರು ಒರೆಸುತ್ತೀರಿ, ಕಣ್ಣುಜ್ಜುತ್ತೀರಿ, ಎಲೆಅಡಿಕೆ ಬಾಯಿಗಿಡುತ್ತೀರಿ. ಅದೇ ಕೈಯಲ್ಲಿ ಗೋದಾಮಿನ ಬೀಗ ಹಿಡಿಯುತ್ತೀರಿ. ಬಾಯೊಳಗಿನ ಕೋಶಗಳಲ್ಲಿ ನ್ಯೂಕ್ಲಿಯಸ್ ಇರುತ್ತದೆ. ಬೆವರಿನಲ್ಲಿ ಕೋಶವಿಲ್ಲದೆ ತೇಲುವ ಡಿಎನ್‌ಎ ಚೂರುಗಳೂ ಇರುತ್ತವೆ. ಎಲ್ಲವೂ ಬೀಗಕ್ಕೆ ಅಂಟುತ್ತವೆ.

ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲೇ ತೋರಿಸಿದ ಇನ್ನೊಂದು ಸಂಗತಿ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ: ಕೈಕುಲುಕಿದಾಗಲೂ ಒಬ್ಬರ ಡಿಎನ್‌ಎ ಇನ್ನೊಬ್ಬರ ಕೈಗೆ ದಾಟುತ್ತದೆ. ಹಾಗಾಗಿ ಬೀಗ ಮುಟ್ಟದವರ ಡಿಎನ್‌ಎ ಕೂಡ ಅಲ್ಲಿ ಸಿಗಬಹುದು.