ಐ5-12400 ಅಥವಾ ರೈಜನ್ 5 5600ಜಿ: ಮದುವೆ ವಿಡಿಯೋ ಎಡಿಟಿಂಗ್‌ಗೆ ಯಾವುದು?

ನಾನು ವಿರಾಜಪೇಟೆಯವನು, ಒಂಬತ್ತು ವರ್ಷದಿಂದ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದೇನೆ. ನೀವು ಬರೆದಿರುವುದು ಇಷ್ಟು: ಗೋಣಿಕೊಪ್ಪದಲ್ಲಿ ಚಿಕ್ಕ ಸ್ಟುಡಿಯೋ, ಕ್ಯಾಮೆರಾ ಸೋನಿ ಎ7 ಮಾರ್ಕ್ 4, ಎಡಿಟಿಂಗ್ ಅಡೋಬಿಯ ಪ್ರೀಮಿಯರ್ ಸಾಫ್ಟ್‌ವೇರ್‌ನಲ್ಲಿ, ಗ್ರಾಫಿಕ್ಸ್ ಕಾರ್ಡಿಗೆ ಸದ್ಯಕ್ಕೆ ದುಡ್ಡಿಲ್ಲ. ಇಂಟೆಲ್‌ನ ಐ5-12400, ಎಎಂಡಿಯ ರೈಜನ್ 5 5600ಜಿ, ಎರಡೂ ಪ್ರೊಸೆಸರ್ ಡಬ್ಬದ ಮೇಲೆ 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಒಟ್ಟಿಗೆ ನಡೆಸುವ ಕೆಲಸದ ಸಾಲು), 4.4 ಗಿಗಾಹರ್ಟ್ಸ್ ಅಂತಲೇ ಇದೆ, ಹಾಗಾದರೆ ವ್ಯತ್ಯಾಸ ಏನು, ಕರೆಂಟ್ ಎಷ್ಟು ಬೇಕು?

ನಿಮ್ಮ ಕೆಲಸಕ್ಕೆ 12400 ತಗೊಳ್ಳಿ. ನನ್ನ ಮೇಜಿನ ಮೇಲೆ ಅದಿದೆ, ತಮ್ಮನ ಹತ್ತಿರ 5600ಜಿ ಇದೆ. ಎರಡರಲ್ಲೂ ಕೆಲಸ ಮಾಡಿಯೇ ಹೇಳುತ್ತಿದ್ದೇನೆ.

ಗಿಗಾಹರ್ಟ್ಸ್ ಒಂದೇ ಇದ್ದರೆ ವೇಗವೂ ಒಂದೇ ಅಲ್ಲ. ಕಾಫಿ ಕೊಯ್ಯುವಾಗ ಇಬ್ಬರ ಕೈ ಒಂದೇ ಸಮ ಓಡಿದರೂ ಒಬ್ಬರ ಚೀಲ ಬೇಗ ತುಂಬುತ್ತದೆ ಅಲ್ವಾ? ಹಾಗೆಯೇ ಇಲ್ಲಿಯೂ. 2022ರ ಜನವರಿಯಲ್ಲಿ ಬಂದ ಇಂಟೆಲ್‌ನ ಕೋರ್ ಒಂದೊಂದು ಹೊಡೆತಕ್ಕೆ ಜಾಸ್ತಿ ಕೆಲಸ ಮುಗಿಸುತ್ತದೆ. 5600ಜಿ ಅದಕ್ಕಿಂತ ಐದಾರು ತಿಂಗಳು ಹಳೆಯದು. ಸಿನಿಬೆಂಚ್ ಆರ್23 ಅನ್ನುವ ವೇಗ ಅಳೆಯುವ ಪರೀಕ್ಷೆಯಲ್ಲಿ ಒಂದು ಕೋರಿಗೆ 12400 ಸುಮಾರು 1700 ಅಂಕ ತೆಗೆದರೆ 5600ಜಿ ಸುಮಾರು 1500. ಎಲ್ಲಾ ಕೋರ್ ಸೇರಿದಾಗಲೂ ಅಂತರ ಬಹಳ ದೊಡ್ಡದಲ್ಲ. ಇದೊಂದೇ ಆಗಿದ್ದರೆ ಯಾವುದು ಅಗ್ಗವೋ ಅದನ್ನು ತಗೊಳ್ಳಿ ಅನ್ನುತ್ತಿದ್ದೆ.

ಆದರೆ ನಿಮ್ಮ ಕ್ಯಾಮೆರಾ 10 ಬಿಟ್ 4:2:2, ಅಂದರೆ ಬಣ್ಣದ ವಿವರ ಜಾಸ್ತಿ ಇರುವ ವಿಡಿಯೋ, ರೆಕಾರ್ಡ್ ಮಾಡುತ್ತದೆ. ಬಣ್ಣ ತಿದ್ದಲು ಬಹಳ ಚೆನ್ನ, ಆದರೆ ಆ ಫೈಲನ್ನು ಬಿಡಿಸಿ ಪರದೆಗೆ ತರುವುದು ಪ್ರೊಸೆಸರ್‌ಗೆ ಭಾರ. ಇಂಟೆಲ್ ಚಿಪ್ಪಿನೊಳಗೇ ಕ್ವಿಕ್ ಸಿಂಕ್ ಅಂತ ವಿಡಿಯೋಗೆಂದೇ ಬೇರೆ ಭಾಗ ಇದೆ. 12400ರ ಯುಎಚ್‌ಡಿ 730 ಗ್ರಾಫಿಕ್ಸ್ ಎಚ್.265 (ವಿಡಿಯೋವನ್ನು ಒತ್ತಿ ಚಿಕ್ಕದು ಮಾಡುವ ಒಂದು ವಿಧಾನ) ಫೈಲಿನ 10 ಬಿಟ್ 4:2:2 ಅನ್ನು ತಾನೇ ಬಿಡಿಸುತ್ತದೆ. 5600ಜಿಯ ವೇಗಾ ಗ್ರಾಫಿಕ್ಸ್‌ಗೆ ಅದು ಆಗುವುದಿಲ್ಲ. ಅಲ್ಲಿ ಎಲ್ಲಾ ಭಾರ ಕೋರ್‌ಗಳ ಮೇಲೇ ಬೀಳುತ್ತದೆ.

ಕೊಡವ ಮದುವೆ ಶೂಟ್ ಮಾಡುವ ನಿಮಗೆ ಗಂಗಾಪೂಜೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಮದುಮಗಳ ದಾರಿಗೆ ಅಡ್ಡ ನಿಂತು ಕುಣಿಯುವವರು ಕುಣಿಯುತ್ತಲೇ ಇರುತ್ತಾರೆ, ವಾಲಗ ನಿಲ್ಲುವುದಿಲ್ಲ, ನಾವೂ ಕ್ಯಾಮೆರಾ ಆಫ್ ಮಾಡುವ ಹಾಗಿಲ್ಲ. ಎರಡು ಕ್ಯಾಮೆರಾದ ಆ ಉದ್ದುದ್ದ ಕ್ಲಿಪ್‌ಗಳನ್ನು ಎರಡೂ ಮೆಷಿನ್ನಿನಲ್ಲಿ ಒಂದೇ ಟೈಮ್‌ಲೈನಿಗೆ ಹಾಕಿ ನೋಡಿದೆ. ತಮ್ಮನ ಮೆಷಿನ್ ತಡವರಿಸಿತು, ಪ್ಲೇ ಒತ್ತಿದರೆ ಚಿತ್ರ ನಿಂತು ನಿಂತು ಬರುತ್ತಿತ್ತು. ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆ ಹಗುರವಾದ ನಕಲು ಫೈಲ್, ಮಾಡಿಕೊಂಡ ಮೇಲೆ ಸರಿಹೋಯಿತು. ಆದರೆ ಪ್ರಾಕ್ಸಿ ಆಗುವ ತನಕ ಕಾಯಬೇಕು, ಹಾರ್ಡ್ ಡಿಸ್ಕಿನಲ್ಲಿ ಜಾಗವೂ ಬೇಕು. ನನ್ನದರಲ್ಲಿ ಅದೇ ಕ್ಲಿಪ್ ನೇರವಾಗಿ ಓಡಿತು.

ಒಂದು ಮಾತು ಮರೆಯಬೇಡಿ. ಸೋನಿಯ ರೆಕಾರ್ಡಿಂಗ್ ಮೋಡ್‌ಗಳಲ್ಲಿ ಎಕ್ಸ್‌ಎವಿಸಿ ಎಸ್ ಅಂದರೆ ಎಚ್.264, ಎಕ್ಸ್‌ಎವಿಸಿ ಎಚ್‌ಎಸ್ ಅಂದರೆ ಎಚ್.265. ಎಚ್.264ನ 4:2:2 ಅನ್ನು 12400ರ ಕ್ವಿಕ್ ಸಿಂಕ್ ಕೂಡ ಬಿಡಿಸುವುದಿಲ್ಲ. ಹಾಗಾಗಿ 4:2:2 ಬೇಕಾದಾಗ ಎಚ್‌ಎಸ್ ಮೋಡ್ ಇಟ್ಟುಕೊಳ್ಳಿ. ನಾನು ಇದು ಗೊತ್ತಿಲ್ಲದೆ ಒಂದು ಸೀಸನ್ ಪೂರ್ತಿ ಒದ್ದಾಡಿದ್ದೇನೆ. ಬಣ್ಣದ ವಿವರ ಕಡಿಮೆ ಇರುವ 8 ಬಿಟ್ 4:2:0ರಲ್ಲೇ ಶೂಟ್ ಮಾಡುವವರಿಗೆ ಈ ತಾಪತ್ರಯ ಇಲ್ಲ, ಅವರಿಗೆ 5600ಜಿ ಸಾಕು.

ಆಟ ಆಡುವವರ ಮಾತು ಬೇರೆ. ಕಾರ್ಡ್ ಇಲ್ಲದೆ ಗೇಮ್ ಆಡುವುದಾದರೆ ವೇಗಾ ಮುಂದೆ ಯುಎಚ್‌ಡಿ 730 ನಿಲ್ಲುವುದಿಲ್ಲ.

ಅಂಗಡಿಯಲ್ಲಿ 12400ಎಫ್ ತೋರಿಸಿ ಇದು ಅಗ್ಗ ಅಂದರೆ ಬೇಡ ಅನ್ನಿ. ಎಫ್ ಅಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ. ನನಗೆ ಒಬ್ಬರು ಅದನ್ನೇ ಕೊಟ್ಟು ಕಳಿಸಿದ್ದರು. ಮನೆಗೆ ಬಂದು ಜೋಡಿಸಿದರೆ ಪರದೆಯಲ್ಲಿ ಏನೂ ಬರಲಿಲ್ಲ, ಬದಲಾಯಿಸಲು ಮತ್ತೆ ಮೈಸೂರಿಗೆ ಹೋಗಿಬಂದೆ. ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಬಯಾಸ್‌ನಲ್ಲಿ (ಮೆಷಿನ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಒಳಗಿನ ಗ್ರಾಫಿಕ್ಸನ್ನು ಆನ್ ಇಡಿ, ಇಲ್ಲದಿದ್ದರೆ ಕ್ವಿಕ್ ಸಿಂಕ್ ಕೈಕೊಡುತ್ತದೆ. ರ್ಯಾಮ್ 32 ಜಿಬಿ ಬೇಕಾದರೆ 16ರ ಎರಡು ಕಡ್ಡಿ ಹಾಕಿಸಿ, ಒಂದೇ ಕಡ್ಡಿ ಬೇಡ. ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ್ಯಾಮ್ ಬಳಸುವುದರಿಂದ ಎರಡಿದ್ದರೆ ವೇಗ ಸಿಗುತ್ತದೆ.

ಕರೆಂಟಿನ ಬಗ್ಗೆಯೂ ಕೇಳಿದ್ದೀರಿ. ಎರಡೂ 65 ವ್ಯಾಟಿನ ಚಿಪ್. ಆದರೆ ಎಕ್ಸ್‌ಪೋರ್ಟ್ ಶುರುವಾದಾಗ 12400 ಸ್ವಲ್ಪ ಹೊತ್ತು 117 ವ್ಯಾಟ್ ತನಕ ಹೋಗಬಹುದು. ಕಾರ್ಡ್ ಇಲ್ಲದ ಮೆಷಿನ್ನಿಗೆ ಸಾಮಾನ್ಯ 600 ವಿಎ ಯುಪಿಎಸ್ ಸಾಕು, ಸೇವ್ ಮಾಡಿ ಆಫ್ ಮಾಡುವಷ್ಟು ಸಮಯ ಸಿಗುತ್ತದೆ. ಬೇಸಿಗೆ ಮದುವೆಗಳ ಎಡಿಟಿಂಗ್ ನಮ್ಮಲ್ಲಿ ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಗೇ ಬಂದು ಸೇರುತ್ತದೆ. ಲೈನ್ ಮೇಲೆ ಸಿಲ್ವರ್ ಓಕ್ ಬಿತ್ತು ಅಂದರೆ ಎರಡು ದಿನ ಕತ್ತಲೆ. ಅದಕ್ಕೇ ಪ್ರೀಮಿಯರ್‌ನಲ್ಲಿ ಆಟೋ ಸೇವ್ ಅನ್ನು ಐದು ನಿಮಿಷಕ್ಕೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಕೆಲಸ ಇಲ್ಲದ ದಿನವೂ ಕರೆಂಟ್ ಇದ್ದಾಗ ಅರ್ಧ ಗಂಟೆ ಮೆಷಿನ್ ಓಡಿಸಿ, ಒಳಗೆ ತೇವ ಕೂರಬಾರದು.

ಮದರ್‌ಬೋರ್ಡ್ ಡಿಡಿಆರ್4ನದ್ದು ತಗೊಂಡರೆ ನಿಮ್ಮ ಈಗಿನ ಮೆಷಿನ್ನಿನ ಹಳೇ ರ್ಯಾಮ್ ಕಡ್ಡಿಗಳೇ, ಅವೂ ಡಿಡಿಆರ್4 ಆಗಿದ್ದರೆ, ಕೂರಬಹುದು. ಅದರಲ್ಲಿರುವುದು ಯಾವುದು ಅಂತ ನೋಡಿ ಹೇಳಿ, ಬೋರ್ಡ್ ಯಾವುದು ಸೂಕ್ತ ಅಂತ ಕೆಳಗೇ ಬರೆಯುತ್ತೇನೆ.