ಹಳದಿ ಚಿತ್ರ, ಕಂದು ಬೆಲ್ಲ

ಮನೆಯಲ್ಲೇ ಮಾಡುವ ಸಾಂಬಾರು ಪುಡಿಯ ಪ್ರಚಾರಕ್ಕೆ ತಿಂಗಳಿಗೆ ಹತ್ತು ಸಾವಿರ ರೂಪಾಯಿ ತೆಗೆದಿಟ್ಟಿದ್ದೀರಿ. ಆ ಪ್ರಚಾರಕ್ಕೊಂದು ಸ್ಪಷ್ಟ ಉದ್ದೇಶ ಕೊಡುವುದು ಹೇಗೆ, ಹಣವನ್ನು ಫ್ಲೆಕ್ಸ್‌ಗೆ ಹಾಕಬೇಕೋ ಇನ್‌ಸ್ಟಾಗ್ರಾಮ್‌ಗೋ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಹೊತ್ತುಕೊಂಡು ನಾನು 2023ರಲ್ಲಿ ಮಂಡ್ಯದ ಮುದ್ರಣಾಲಯವೊಂದರ ಮೆಟ್ಟಿಲು ಹತ್ತಿದ್ದೆ.

ನಮ್ಮದು ಬೆಲ್ಲದ ಅಂಗಡಿ, ಹಳೆಯ ಮೈಸೂರು ರಸ್ತೆಯ ಪಕ್ಕದಲ್ಲಿದೆ; ಆಲೆಮನೆಯೂ ಸ್ವಂತದ್ದೇ. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಕಾರುಗಳೆಲ್ಲ ಬೈಪಾಸಿನಲ್ಲೇ ಹೋಗತೊಡಗಿ, ನಮ್ಮ ಮುಂದೆ ನಿಲ್ಲುವವರು ಇಲ್ಲವಾದರು. ಅಲ್ಲಿಯವರೆಗೆ ನಮಗೆ ಪ್ರಚಾರವೆಂದರೆ ಹೊರಗೆ ಮೇಜಿನ ಮೇಲೆ ಜೋಡಿಸಿಟ್ಟ ಅಚ್ಚುಬೆಲ್ಲ, ಅಷ್ಟೇ.

ದಸರೆಗೆ ಮೊದಲು ಸಾಲ ತಂದು ಅರವತ್ತು ಸಾವಿರ ರೂಪಾಯಿ ಖರ್ಚು ಮಾಡಿದೆ. ತಪ್ಪು ನಡೆದದ್ದು ಇಲ್ಲಿ. ಮುದ್ರಣಾಲಯದ ಹುಡುಗ ಕಂಪ್ಯೂಟರಿನಲ್ಲಿ ಹಲವು ಬೆಲ್ಲದ ಚಿತ್ರಗಳನ್ನು ತೋರಿಸಿದ. ಫ್ಲೆಕ್ಸಿಗೂ ಬೆಲ್ಲದ ಪೆಟ್ಟಿಗೆಗೂ ನಾನು ಚಿನ್ನದಂತೆ ಹೊಳೆಯುವ ಹಳದಿ ಬೆಲ್ಲವನ್ನು ಆರಿಸಿದೆ. ನಮ್ಮ ಬೆಲ್ಲ ಹಾಗಿರುವುದೇ ಇಲ್ಲ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಬೆಂಡೆ ಗಿಡವನ್ನು ಜಜ್ಜಿ ನೆನೆಸಿದ ಲೋಳೆ ನೀರನ್ನು ಹಾಕಿ, ಮೇಲೆ ಬರುವ ಮಡ್ಡಿಯನ್ನು ತೆಗೆಯುತ್ತೇವೆ. ಬಣ್ಣ ಬಿಳುಪಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕುವುದಿಲ್ಲವಾದ್ದರಿಂದ ಬೆಲ್ಲ ಕಂದಾಗಿಯೇ ಇಳಿಯುತ್ತದೆ. ಇಷ್ಟು ತಿಳಿದಿದ್ದೂ ಹಳದಿ ಚಿತ್ರವನ್ನು ಏಕೆ ಆರಿಸಿದೆನೆಂದರೆ, ಫ್ಲೆಕ್ಸ್ ದೂರಕ್ಕೆ ಚೆನ್ನಾಗಿ ಕಾಣಲಿ ಎಂದು. ಯಾರಿಗೆ ಕಾಣಬೇಕು ಎಂದು ನಾನೂ ಯೋಚಿಸಲಿಲ್ಲ, ಆ ಹುಡುಗನೂ ಕೇಳಲಿಲ್ಲ. ಕೆಳಗೆ ‘ಶುದ್ಧ, ರುಚಿಕರ, ಕಡಿಮೆ ಬೆಲೆ’ ಎಂದು ಬರೆಸಿದೆ. ಕಡಿಮೆ ಬೆಲೆ ಎಂಬುದು ಸುಳ್ಳು. ನಮ್ಮ ದರ ಪೇಟೆಗಿಂತ ಹೆಚ್ಚೇ ಇತ್ತು.

ಜನ ಬಂದರು, ಅದನ್ನು ಅಲ್ಲಗಳೆಯುವುದಿಲ್ಲ. ಆಯುಧಪೂಜೆಯ ಹಿಂದಿನ ದಿನ ಮೈಸೂರಿನ ಅಮ್ಮನವರೊಬ್ಬರು ಐದು ಕೆಜಿಯ ಪೆಟ್ಟಿಗೆಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಮುಚ್ಚಳ ತೆರೆದರು. “ಚಿತ್ರದಲ್ಲಿ ಹಳದಿ ಇದೆಯಲ್ಲಪ್ಪ, ಒಳಗೆ ಯಾಕೆ ಕಪ್ಪು? ಹಳೇ ಸರಕಾ?” ಎಂದರು. ನಾನು ಬೆಂಡೆ ಗಿಡದ ಕಥೆಯನ್ನು ಆರಂಭಿಸಿದೆ. ಅವರು ದುಡ್ಡು ವಾಪಸು ಕೇಳಿದರು. ಆ ವಾರ ಮರಳಿ ಬಂದ ಪೆಟ್ಟಿಗೆಗಳನ್ನು ಎಣಿಸುವುದನ್ನು ನನ್ನ ಹೆಂಡತಿ ಮೂವತ್ತಕ್ಕೆ ನಿಲ್ಲಿಸಿದಳು.

ಪ್ರಚಾರಕ್ಕೆಂದೇ ಬೇರೊಂದು ಉದ್ದೇಶವನ್ನು ಹುಡುಕಬೇಕು ಎಂಬ ನಿಮ್ಮ ಮಾತನ್ನು ನಾನು ಒಪ್ಪದಿರುವುದು ಇದರಿಂದಲೇ. ನಮ್ಮ ಉದ್ದೇಶ ಕಡದ ಪುಸ್ತಕದಲ್ಲಿ ಮೊದಲೇ ಬರೆದಿತ್ತು. ತಿಂಗಳಿಗೊಮ್ಮೆ ತಪ್ಪದೆ ಬಂದ ಹೆಸರುಗಳಿಗೆ ಹೆಂಡತಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದಾಗ, ಅವುಗಳಲ್ಲಿ ಹೆಚ್ಚಿನವು ಬಾಣಂತಿಯರೋ ಚಿಕ್ಕ ಮಕ್ಕಳೋ ಇರುವ ಮನೆಗಳಾಗಿದ್ದವು. ಅವರು ಬಣ್ಣವನ್ನೂ ಕೇಳುತ್ತಿರಲಿಲ್ಲ, ಬೆಲೆಯನ್ನೂ ಚೌಕಾಸಿ ಮಾಡುತ್ತಿರಲಿಲ್ಲ, “ಔಷಧಿ ಹಾಕಿಲ್ಲ ತಾನೇ?” ಎಂಬುದೊಂದೇ ಅವರ ಪ್ರಶ್ನೆ. ಅವರಿಗಾಗಿಯೇ ಬೆಲ್ಲ ಮಾಡುತ್ತಿದ್ದ ನಾನು, ಫ್ಲೆಕ್ಸ್ ಮಾತ್ರ ಬೇರೆ ಯಾರಿಗೋ ಹಾಕಿಸಿದ್ದೆ.

ಆದ್ದರಿಂದ ಫ್ಲೆಕ್ಸೋ ಇನ್‌ಸ್ಟಾಗ್ರಾಮೋ ಎಂಬ ಚರ್ಚೆಯನ್ನು ಸದ್ಯಕ್ಕೆ ಬದಿಗಿಡಿ. ಮೊದಲ ತಿಂಗಳ ಹತ್ತು ಸಾವಿರವನ್ನು ಮುಟ್ಟದೆ, ನಿಮ್ಮ ಪುಡಿಯನ್ನು ಮೂರನೆಯ ಸಲ ತರಿಸಿಕೊಂಡವರಿಗೆ ನೀವೇ ಫೋನ್ ಮಾಡಿ, ಅಂಗಡಿಯ ಪುಡಿ ಬಿಟ್ಟು ಇದನ್ನು ಏಕೆ ತರಿಸಿದಿರಿ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಎಲ್ಲರಿಗೂ ಹಿಡಿಸಬೇಕೆಂದು ಆ ಮಾತನ್ನು ತಿದ್ದಬೇಡಿ.

ನಮ್ಮ ಪೆಟ್ಟಿಗೆಯ ಮೇಲೆ ಈಗ ಚಿತ್ರವಿಲ್ಲ. ‘ಈ ಬೆಲ್ಲ ಕಂದಾಗಿರುತ್ತದೆ, ಪಾಯಸದ ಬಣ್ಣ ಕಂದಾಗುತ್ತದೆ, ಹೈಡ್ರೋಸ್ ಹಾಕಿಲ್ಲ’ ಎಂದಷ್ಟೇ ಅಚ್ಚು ಹಾಕಿಸಿದ್ದೇವೆ. ಅದನ್ನು ಓದಿ ಪೆಟ್ಟಿಗೆಯನ್ನು ಮತ್ತೆ ಮೇಜಿನ ಮೇಲಿಟ್ಟು ಹೋಗುವವರನ್ನು ನಾನು ಕರೆಯುವುದಿಲ್ಲ.